ಶಬ್ದ ಸಂಚಾರ: ಬಂದವರು ಮತ್ತು ಮನೆಯವರು



ಇಂಗ್ಲಿಷಿನ 'ಗೆಸ್ಟ್' ಎಂಬ ಪದದಷ್ಟು ಸಾಧುವಾದ ಪದ ಇನ್ನೊಂದು ಇರಲಾರದು. ಗೆಸ್ಟ್ ಹೌಸು, ಗೆಸ್ಟ್ ರೂಮು, ಚೀಫ್ ಗೆಸ್ಟು ಎಂದು ಇಂಗ್ಲಿಷಿನ ಗಂಧವಿಲ್ಲದ ನಮ್ಮ ಹಿರಿಯರೂ ಅದನ್ನು ಮನೆಮಾತಾಗಿಸಿಕೊಂಡಿದ್ದಾರೆ. ಅದರ ಎದುರು ಪೀಠದಲ್ಲಿ ಕುಳಿತಿರುವ ಪದ 'ಹೋಸ್ಟ್'. ಒಬ್ಬರು ಬಂದವರು, ಇನ್ನೊಬ್ಬರು ಮನೆಯವರು. ಒಬ್ಬರು ಉಣ್ಣುವವರು, ಇನ್ನೊಬ್ಬರು ಬಡಿಸುವವರು. ಇವೆರಡರಿಂದ ಬಹು ದೂರದಲ್ಲಿ 'ಹಾಸ್ಟೈಲ್' ಎಂಬ ಮೂರನೆಯ ಪದವೊಂದಿದೆ. ಹಗೆತನ ತುಂಬಿದ ಎಂದು ಅದರ ಅರ್ಥ. ಅತಿಥಿ, ಆತಿಥೇಯ, ಹಗೆ ಈ ಮೂರನ್ನು ಹೇಳುವ ಮಾತುಗಳು ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವು ಎಂದರೆ ಮೊದಲ ಕೇಳ್ವೆಗೆ ನಂಬಿಕೆ ಬಾರದು. ಆದರೆ ಭಾಷಾಶಾಸ್ತ್ರ ಹೇಳುವುದು ಅದನ್ನೇ. ಈ ಸಲದ ನಮ್ಮ ಶಬ್ದ ಸಂಚಾರವು ಆ ಪದಗಳ ತವರುಮನೆಯ ಕಡೆಗೆ. ಹುಟ್ಟಿದ ನೆಲವನ್ನು ಬಿಟ್ಟು ಬೇರೊಂದು ನೆಲದಲ್ಲಿ ಮನೆ ಕಟ್ಟಿಕೊಂಡಿರುವ ನಮ್ಮಂಥವರಿಗೆ ಈ ಪ್ರಯಾಣದಲ್ಲಿ ಕುತೂಹಲಕ್ಕಿಂತ ಮಿಗಿಲಾದ ಪ್ರಯೋಜನವೂ ಇದೆ.

ಮೊದಲು 'ಗೆಸ್ಟ್' ಪದದ ಮೊದಲ ಅಕ್ಷರವನ್ನೇ ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ಈ ಪದ ಇತ್ತು. ಬರಹದಲ್ಲಿ ಅದು ಗಕಾರದಿಂದ ಪ್ರಾರಂಭವಾಗುತ್ತಿದ್ದರೂ ಉಚ್ಚಾರಣೆಯಲ್ಲಿ ಯಕಾರವಾಗಿತ್ತು. ಜರ್ಮನ್ ಭಾಷೆಯಲ್ಲಿ ಹಳದಿ ಬಣ್ಣಕ್ಕೆ 'ಗೆಲ್ಬ್' ಎಂದರೆ ಇಂಗ್ಲಿಷಿನಲ್ಲಿ 'ಯೆಲ್ಲೋ' ಆಗಿರುವುದು ಇದೇ ರೀತಿಯ ಬದಲಾವಣೆಯಿಂದ. ಪದವು ತನ್ನ ಸಹಜ ದಾರಿಯಲ್ಲಿ ನಡೆದು ಬಂದಿದ್ದರೆ ಇಂದು ನಾವು 'ಯೆಸ್ಟ್' ಎನ್ನುತ್ತಿದ್ದೆವೇನೋ. ಹಾಗಾಗಲಿಲ್ಲ. ಕ್ರಿ.ಶ. ೭೯೩ರಲ್ಲಿ ಲಿಂಡಿಸ್‌ಫಾರ್ನ್ ಎಂಬ ಪುಟ್ಟ ದ್ವೀಪದ ಮಠವನ್ನು ಉತ್ತರದ ಕಡಲಿನಿಂದ ಬಂದ ವೈಕಿಂಗರು ಸೂರೆಗೊಂಡರು. ಮುಂದಿನ ನೂರು ವರ್ಷಗಳಲ್ಲಿ ಅವರ ಬಂಧುಗಳು ಇಂಗ್ಲೆಂಡಿನ ಪೂರ್ವ ಮತ್ತು ಉತ್ತರ ಭಾಗಗಳಲ್ಲಿ ಹೊಲ ಮನೆ ಮಾಡಿಕೊಂಡು ನೆಲೆಸಿಯೇ ಬಿಟ್ಟರು. ಅವರ ನಾಲಗೆಯ ಮೇಲೆ ಈ ಪದ 'ಗೆಸ್ತ್ರ್' ಎಂದು ಗಟ್ಟಿಯಾದ ಗಕಾರದಿಂದ ನುಡಿಯಲ್ಪಡುತ್ತಿತ್ತು. ನೆರೆಹೊರೆಯ ಒಡನಾಟದಲ್ಲಿ ಇಂಗ್ಲಿಷರು ತಮ್ಮ ಮೃದುವಾದ ಯಕಾರವನ್ನು ಬಿಟ್ಟು ಬಂದವರ ಗಕಾರವನ್ನು ಒಪ್ಪಿಕೊಂಡರು. ಮೊಟ್ಟೆಗೆ ಹೇಳುವ 'ಎಗ್', 'ಅವರು' ಎನ್ನುವ ಅರ್ಥದ 'ದೇ' ಮುಂತಾದ ನಿತ್ಯದ ಪದಗಳೂ ಇಂಗ್ಲಿಷಿಗೆ ಬಂದದ್ದು ಅವರಿಂದಲೇ. ಸೂರೆ ಮಾಡಲು ಬಂದವರು ನೆರೆಯವರಾಗಿ, ನೆರೆಯವರು ಮನೆಯವರಾಗಿ, ಅತಿಥಿ ಎಂಬ ಪದದ ಉಚ್ಚಾರಣೆಯನ್ನೇ ತಿದ್ದಿ ಹೋದರು. ತಮ್ಮ 'ಗೆಸ್ಟ್' ಅಚ್ಚ ದೇಶೀಯ ಪದವೆಂದು ಇಂಗ್ಲಿಷರು ತಿಳಿದಿದ್ದರೆ, ಅದರ ಮೊದಲ ಅಕ್ಷರವಂತೂ ಹೊರಗಿನಿಂದ ಬಂದು ಉಳಿದದ್ದು.

ಈ ಪದದ ವಂಶವೃಕ್ಷ ಇನ್ನೂ ಹಿಂದಕ್ಕೆ ಹೋಗುತ್ತದೆ. ಡೆನ್ಮಾರ್ಕಿನ ದಕ್ಷಿಣದಲ್ಲಿ ಗಾಲೆಹುಸ್ ಎಂಬ ಹಳ್ಳಿಯಿದೆ. ಅಲ್ಲಿ ೧೭೩೪ರಲ್ಲಿ ನೆಲದೊಳಗಿನಿಂದ ಚಿನ್ನದ ಕೊಂಬೊಂದು ಸಿಕ್ಕಿತು. ಸುಮಾರು ಕ್ರಿ.ಶ. ೪೦೦ರ ಕಾಲದ್ದೆಂದು ಎಣಿಸಲಾದ ಆ ಕೊಂಬಿನ ಅಂಚಿನಲ್ಲಿ ರೂನಿಕ್ ಲಿಪಿಯ ಒಂದು ಸಾಲು ಬರಹವಿತ್ತು. ಕೊಂಬನ್ನು ಮಾಡಿದವನು ತನ್ನ ಹೆಸರನ್ನು ಅದರಲ್ಲಿ ಹೇಳಿಕೊಂಡಿದ್ದಾನೆ: ಅವನು 'ಹ್ಲೆವಗಸ್ತಿಜ್'. ಆ ಹೆಸರಿನ ಉತ್ತರಾರ್ಧವಾದ 'ಗಸ್ತಿಜ್' ನಮ್ಮ ಗೆಸ್ಟ್ ಪದದ ಪೂರ್ವಜ. ಜರ್ಮಾನಿಕ್ ಭಾಷೆಗಳ ಅತ್ಯಂತ ಪ್ರಾಚೀನ ಬರಹಗಳಲ್ಲಿ ಇದೂ ಒಂದು. ಕನ್ನಡದ ಹಲ್ಮಿಡಿ ಶಾಸನವನ್ನು ಸುಮಾರು ಕ್ರಿ.ಶ. ೪೫೦ರದೆಂದು ಹೇಳುವ ವಾಡಿಕೆಯನ್ನು ನೆನೆದರೆ, ಕನ್ನಡವು ಕಲ್ಲಿನ ಮೇಲೆ ಮೊದಲ ಹೆಜ್ಜೆ ಇಡುತ್ತಿದ್ದ ಶತಮಾನದಲ್ಲೇ ಅಲ್ಲಿ 'ಅತಿಥಿ' ಎಂಬ ಪದವು ಚಿನ್ನದ ಮೇಲೆ ಕುಳಿತಿತ್ತು ಎನ್ನಬಹುದು. ಕಲ್ಲಿಗೆ ಇರುವ ಭಾಗ್ಯ ಚಿನ್ನಕ್ಕೆ ಇರಲಿಲ್ಲ. ೧೮೦೨ರಲ್ಲಿ ಕೋಪನ್‌ಹೇಗನ್ನಿನ ಸಂಗ್ರಹಾಲಯದಿಂದ ಆ ಕೊಂಬನ್ನು ಕದ್ದ ಅಕ್ಕಸಾಲಿಯೊಬ್ಬ ಅದನ್ನು ಕರಗಿಸಿಬಿಟ್ಟ. ಮೊದಲೇ ಬರೆದಿಟ್ಟಿದ್ದ ಚಿತ್ರಗಳಿಂದಾಗಿ ಆ ಅಕ್ಷರಗಳಷ್ಟೇ ಉಳಿದುಕೊಂಡವು.

ಜರ್ಮಾನಿಕ್ ಕವಲಿನಲ್ಲಿ ಗಕಾರವಿರುವ ಕೆಲವು ಕಡೆ ಲ್ಯಾಟಿನ್ನಿನಲ್ಲಿ ಹಕಾರ ಬರುತ್ತದೆ ಎಂಬುದು ತೌಲನಿಕ ಭಾಷಾಶಾಸ್ತ್ರದ ನಿಯಮಗಳಲ್ಲಿ ಒಂದು. ಜರ್ಮಾನಿಕ್ ಮೂಲದ 'ಗಾರ್ಡನ್' ಪದಕ್ಕೆ ಲ್ಯಾಟಿನ್ನಿನ ಸೋದರ 'ಹೊರ್ತುಸ್'. ಲಾಲ್‌ಬಾಗನ್ನು ನೋಡಿಕೊಳ್ಳುವ ಇಲಾಖೆಯ 'ಹಾರ್ಟಿಕಲ್ಚರ್' ಎಂಬ ಹೆಸರು ಈ ಹೊರ್ತುಸ್‌ನಿಂದ ಬಂದದ್ದು. ಇಂಗ್ಲಿಷಿನ 'ಗೂಸ್' ಹಕ್ಕಿಗೂ ಸಂಸ್ಕೃತದ ಹಂಸಕ್ಕೂ ಇರುವ ರಕ್ತಸಂಬಂಧದಲ್ಲಿಯೂ ಇಂಥದೇ ಗ-ಹ ವ್ಯತ್ಯಾಸವನ್ನು ಕಾಣಬಹುದು. ಅದೇ ನಿಯಮದ ಪ್ರಕಾರ 'ಗಸ್ತಿಜ್' ಪದಕ್ಕೆ ಲ್ಯಾಟಿನ್ನಿನಲ್ಲಿ ಇರುವ ಒಡಹುಟ್ಟು 'ಹೊಸ್ತಿಸ್'. ರೂಪದಲ್ಲಿ ಯಾವ ತೊಡಕೂ ಇಲ್ಲ. ತೊಡಕಿರುವುದು ಅರ್ಥದಲ್ಲಿ, ಏಕೆಂದರೆ ನಾವು ಓದುವ ಲ್ಯಾಟಿನ್ ಗ್ರಂಥಗಳಲ್ಲಿ 'ಹೊಸ್ತಿಸ್' ಎಂದರೆ ಶತ್ರು. ಇಂಗ್ಲಿಷಿನ 'ಹಾಸ್ಟೈಲ್' ಅದರ ಮಗು.

ಉತ್ತರದಲ್ಲಿ ಅತಿಥಿಯಾದ ಪದ ದಕ್ಷಿಣದಲ್ಲಿ ಹಗೆಯಾದದ್ದು ಹೇಗೆ? ಈ ಪ್ರಶ್ನೆಗೆ ಸುಳಿವು ಕೊಟ್ಟವನು ರೋಮಿನ ವಾಗ್ಮಿ ಸಿಸೆರೊ. ಕ್ರಿ.ಪೂ. ೪೪ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ತನ್ನ ಗ್ರಂಥದಲ್ಲಿ ಅವನು ಒಂದು ವಿಷಯವನ್ನು ಗುರುತಿಸಿದ್ದಾನೆ. ತಮ್ಮ ಪೂರ್ವಿಕರು 'ಹೊಸ್ತಿಸ್' ಎಂಬ ಪದವನ್ನು ಬಳಸುತ್ತಿದ್ದುದು ಪರಸ್ಥಳದವನು ಎಂಬ ಅರ್ಥದಲ್ಲಿ ಮಾತ್ರ ಎನ್ನುವುದು ಅವನ ಅಭಿಪ್ರಾಯ. ಅದಕ್ಕೆ ಅವನು ಕ್ರಿ.ಪೂ. ಐದನೆಯ ಶತಮಾನದ ದ್ವಾದಶ ಫಲಕಗಳ ಶಾಸನವನ್ನು ಸಾಕ್ಷಿಗೆ ಕರೆದಿದ್ದಾನೆ. ಎಂದರೆ ಮೊದಲಿಗೆ ಆ ಪದದಲ್ಲಿ ವಿಷವಿರಲಿಲ್ಲ. ಹೊರಗಿನವನು ಎಂಬುದಷ್ಟೇ ಅದರ ಹುರುಳು.

ಫ್ರೆಂಚ್ ವಿದ್ವಾಂಸ ಎಮಿಲ್ ಬೆನ್ವೆನಿಸ್ತ್ ೧೯೬೯ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇದನ್ನು ಇನ್ನಷ್ಟು ಆಳಕ್ಕೆ ಒಯ್ದಿದ್ದಾನೆ. ಹಳೆಯ ಲ್ಯಾಟಿನ್ನಿನಲ್ಲಿ 'ಹೊಸ್ತೀರೆ' ಎಂಬ ಕ್ರಿಯಾಪದವಿತ್ತು. ಸರಿದೂಗಿಸು, ಪ್ರತಿಯಾಗಿ ಕೊಡು ಎಂದು ಅದರ ಅರ್ಥ. ಅದನ್ನು ಆಧಾರವಾಗಿಟ್ಟುಕೊಂಡು ಬೆನ್ವೆನಿಸ್ತ್ ಹೇಳುವುದೇನೆಂದರೆ, 'ಹೊಸ್ತಿಸ್' ಎನಿಸಿಕೊಂಡವನು ದಾರಿಹೋಕನಾದ ಯಾವನೋ ಪರಕೀಯನಲ್ಲ. ಕೊಟ್ಟು ಕೊಳ್ಳುವ ಸಂಬಂಧವನ್ನು ನಮ್ಮೊಡನೆ ಹೂಡಿದ ಪರಕೀಯ. ಇಂದು ನಾನು ನಿನಗೆ ಉಣಬಡಿಸಿದರೆ ನಾಳೆ ನಿನ್ನ ಊರಿನಲ್ಲಿ ನನಗೆ ಒಂದು ಎಲೆ ಇರುತ್ತದೆ ಎಂಬ ಒಪ್ಪಂದ ಅದು. ನೆರೆಹೊರೆಯ ಪುಟ್ಟ ಸಮಾಜಗಳ ಈ ವೈಯಕ್ತಿಕ ನಂಟುಗಳ ಸ್ಥಾನದಲ್ಲಿ ರಾಜ್ಯ ರಾಜ್ಯಗಳ ನಡುವಿನ ವ್ಯವಹಾರ ಬಂದು ನಿಂತಾಗ ಪರಸ್ಥಳದವನ ಜೊತೆಗಿನ ಕೊಡುಕೊಳೆ ಕಡಿದುಬಿತ್ತು. ಕೊಡುಕೊಳೆ ನಿಂತ ಮೇಲೆ ಉಳಿದದ್ದು ಬರಿಯ ಹೊರಗಿನವನು. ಹೊರಗಿನವನು ಕ್ರಮೇಣ ಹಗೆಯಾದ.

ಶತ್ರುವಿಗೆ ಆ ಪದ ಮೀಸಲಾದ ಮೇಲೆ ಅತಿಥಿಗೆ ಬೇರೊಂದು ಪದ ಬೇಕಾಗುತ್ತದೆಯಲ್ಲವೆ? ಲ್ಯಾಟಿನ್ನಿನಲ್ಲಿ ಅದು 'ಹೊಸ್ಪೆಸ್'. ಇದೊಂದು ಸಮಾಸಪದ. ಪೂರ್ವಪದ ಹೊಸ್ತಿಸ್, ಉತ್ತರಪದ ಯಾವುದು ಎಂಬುದನ್ನು ಕೇಳಿದರೆ ಓದುಗರಿಗೆ ಸಂತೋಷವಾದೀತು. ಅದು ನಮ್ಮ 'ಪತಿ'. ಸಂಸ್ಕೃತದ ಪತಿಯೂ ಲ್ಯಾಟಿನ್ನಿನ 'ಪೊತಿಸ್' ಎಂಬುದೂ ಸೋದರರು. ಗೃಹಪತಿ, ಸೇನಾಪತಿ ಎಂಬಂತೆ 'ಅತಿಥಿಪತಿ' ಎಂದು ಅದರ ವಾಚ್ಯಾರ್ಥ. ರಷ್ಯನ್ ಭಾಷೆಯಲ್ಲಿ 'ಗೋಸ್ತ್' ಎಂದರೆ ಅತಿಥಿ, ಹಿಂದೆ ಪರದೇಶದೊಡನೆ ವ್ಯಾಪಾರ ಮಾಡುವ ದೊಡ್ಡ ವರ್ತಕನಿಗೂ ಅದೇ ಹೆಸರಿತ್ತು. ಪ್ರಭು ಎಂಬ ಅರ್ಥದ 'ಗೊಸ್ಪೋದ್' ಎಂಬ ಅಲ್ಲಿಯ ಪದವನ್ನೂ ಇದೇ ಅತಿಥಿಪತಿಯ ಕುಲಕ್ಕೆ ಸೇರಿಸುತ್ತಾರೆ.

ಈ ಹೊಸ್ಪೆಸ್ ಎಂಬಾತನ ಸಂತಾನ ದೊಡ್ಡದು. ಅದು ಹಳೆಯ ಫ್ರೆಂಚಿನಲ್ಲಿ ಸವೆದು, ೧೦೬೬ರ ನಾರ್ಮನ್ ವಿಜಯದ ತರುವಾಯ ಇಂಗ್ಲೆಂಡಿಗೆ ಹರಿದು ಬಂದ ಫ್ರೆಂಚ್ ಪದಗಳ ಪ್ರವಾಹದಲ್ಲಿ 'ಹೋಸ್ಟ್' ಆಯಿತು. ದಾರಿಹೋಕರಿಗೆ ಆಶ್ರಯ ಕೊಡುವ ಮನೆ 'ಹಾಸ್ಟೆಲ್' ಆಯಿತು. ಫ್ರೆಂಚರು ಕಾಲಕ್ರಮದಲ್ಲಿ ನಡುವಿನ ಸಕಾರವನ್ನು ನುಂಗಿ, ನುಂಗಿದ್ದಕ್ಕೆ ಗುರುತಾಗಿ ಓಕಾರದ ತಲೆಯ ಮೇಲೊಂದು ಟೋಪಿ ಇಟ್ಟರು; ಅದೇ 'ಹೋಟೆಲ್'. ಪ್ಯಾರಿಸ್ಸಿನಲ್ಲಿ 'ಓತೆಲ್ ದ್ಯೂ' ಎಂಬ ಫಲಕವನ್ನು ಕಂಡು ಕೊಠಡಿ ಕೇಳಲು ಹೋಗುವವರಿಗೆ ಅಲ್ಲಿ ವೈದ್ಯರು ಎದುರಾಗುತ್ತಾರೆ, ಏಕೆಂದರೆ ಅದು ಆಸ್ಪತ್ರೆ. ಆಶ್ಚರ್ಯಕ್ಕೆ ಕಾರಣವಿಲ್ಲ, 'ಹಾಸ್ಪಿಟಲ್' ಕೂಡ ಅದೇ ಮನೆಯ ಮಗಳು. ನೊಂದವನೂ ಒಬ್ಬ ಅತಿಥಿ. ಆ ಪದವನ್ನು ನಮ್ಮವರು ಆಸ್ಪತ್ರೆ ಎಂದು ಎಷ್ಟು ಚೆನ್ನಾಗಿ ಪಳಗಿಸಿಕೊಂಡಿದ್ದಾರೆಂದರೆ ಅದು ಸಂಸ್ಕೃತದ ಪದವೆಂದೇ ಬಹುಮಂದಿಯ ಭಾವನೆ. ಹೋಟೆಲು, ಹಾಸ್ಟೆಲು, ಆಸ್ಪತ್ರೆ: ಹಳ್ಳಿಯಿಂದ ಪಟ್ಟಣಕ್ಕೆ ಬಂದ ಕನ್ನಡಿಗನಿಗೆ ಅನ್ನ, ನೆರಳು, ಔಷಧ ಕೊಟ್ಟ ಮೂರು ಬಾಗಿಲುಗಳೂ ಒಂದೇ ಪದದ ಕುಡಿಗಳು.

ಇನ್ನೊಂದು ಸಂಗತಿಯುಂಟು, ಈ ಲೇಖನದ ತಿರುಳು ಅದು. ಲ್ಯಾಟಿನ್ನಿನ 'ಹೊಸ್ಪೆಸ್' ಎಂಬ ಪದ ಆತಿಥೇಯನಿಗೂ ಸಲ್ಲುತ್ತಿತ್ತು, ಅತಿಥಿಗೂ ಸಲ್ಲುತ್ತಿತ್ತು. ಇಂದಿಗೂ ಫ್ರೆಂಚಿನ 'ಓತ್', ಇಟಾಲಿಯನ್ನಿನ 'ಒಸ್ಪಿತೆ' ಎಂಬ ಪದಗಳು ಹಾಗೆಯೇ ಎರಡೂ ಕಡೆ ನಿಲ್ಲುತ್ತವೆ. ಬಂದವನೋ ಮನೆಯವನೋ ಎಂಬುದನ್ನು ಸಂದರ್ಭದಿಂದ ತಿಳಿಯಬೇಕು. ಗ್ರೀಕರ 'ಕ್ಸೆನೊಸ್' ಎಂಬುದಂತೂ ಪರಕೀಯ, ಅತಿಥಿ, ಆತಿಥೇಯ ಮೂವರನ್ನೂ ಒಳಗೊಳ್ಳುತ್ತದೆ. ಇದು ಭಾಷೆಯ ಬಡತನವಲ್ಲ. ಆ ಜನ ಅತಿಥಿ ಮತ್ತು ಆತಿಥೇಯ ಎಂಬ ಎರಡು ಜಾತಿಗಳನ್ನು ಕಾಣಲಿಲ್ಲ. ಒಂದೇ ಹಲಗೆಯ ಎರಡು ತುದಿಗಳನ್ನು ಕಂಡರು. ಈ ದಿನ ಈ ತುದಿಯಲ್ಲಿದ್ದವನು ಮುಂದೊಂದು ದಿನ ಆ ತುದಿಯಲ್ಲಿ ಕುಳಿತುಕೊಳ್ಳಬೇಕಾದವನೇ.

ಈ ನಂಟು ತಲೆಮಾರುಗಳನ್ನು ದಾಟುತ್ತಿತ್ತು. ರೋಮನರಲ್ಲಿ ಅತಿಥಿ-ಆತಿಥೇಯರು ಒಂದು ಗುರುತಿನ ಬಿಲ್ಲೆಯನ್ನು ಹಂಚಿಕೊಂಡು ಮಕ್ಕಳು ಮೊಮ್ಮಕ್ಕಳಿಗೆ ಬಿಟ್ಟುಹೋಗುವ ಪದ್ಧತಿಯಿತ್ತು. ಎಷ್ಟೋ ವರ್ಷಗಳ ಮೇಲೆ ಅಪರಿಚಿತನೊಬ್ಬ ಬಾಗಿಲಿಗೆ ಬಂದು ಬಿಲ್ಲೆಯನ್ನು ತೋರಿಸಿದರೆ, ಅದು ಮನೆಯಲ್ಲಿರುವ ಬಿಲ್ಲೆಗೆ ಹೊಂದಿದರೆ, ಅವನಿಗೆ ಎಲೆ ಹಾಕಲೇಬೇಕು. ಗ್ರೀಕರು ಇಂಥ ಒಡೆದ ಬಿಲ್ಲೆಯ ಅರ್ಧವನ್ನು 'ಸುಂಬೊಲೊನ್' ಎಂದರು. 'ಸಿಂಬಲ್' ಎಂಬ ಪದ ಹುಟ್ಟಿದ್ದು ಅಲ್ಲಿಂದ. ಇಲಿಯಡ್ ಮಹಾಕಾವ್ಯದ ಆರನೆಯ ಸರ್ಗದಲ್ಲಿ ಗ್ಲೌಕಸ್ ಮತ್ತು ಡಯೊಮಿಡೀಸ್ ಎಂಬ ಎದುರಾಳಿ ವೀರರು ರಣರಂಗದ ನಡುವೆ ಮುಖಾಮುಖಿಯಾಗುತ್ತಾರೆ. ಈಟಿ ಎತ್ತುವ ಮುಂಚೆ ಕುಲಗೋತ್ರ ಹೇಳಿಕೊಂಡಾಗ, ಒಬ್ಬನ ಅಜ್ಜ ಇನ್ನೊಬ್ಬನ ಅಜ್ಜನ ಮನೆಯಲ್ಲಿ ಇಪ್ಪತ್ತು ದಿನ ಅತಿಥಿಯಾಗಿದ್ದ ಸಂಗತಿ ಹೊರಬೀಳುತ್ತದೆ. ಅಷ್ಟು ಸಾಕು, ರಥದಿಂದಿಳಿದು ಕೈಹಿಡಿದು, ಕವಚಗಳನ್ನು ಅದಲು ಬದಲು ಮಾಡಿಕೊಂಡು ಬೇರೆ ಬೇರೆ ದಿಕ್ಕಿಗೆ ಹೋಗುತ್ತಾರೆ. ಗ್ಲೌಕಸ್ ನೂರು ಎತ್ತಿನ ಬೆಲೆಯ ಚಿನ್ನದ ಕವಚವನ್ನು ಕೊಟ್ಟು ಒಂಬತ್ತು ಎತ್ತಿನ ಬೆಲೆಯ ಕಂಚಿನದನ್ನು ಪಡೆದನೆಂದು ಕವಿ ನಗುತ್ತಾನೆ. ಅಜ್ಜಂದಿರು ಉಂಡ ಅನ್ನ ಮೊಮ್ಮಕ್ಕಳ ಪ್ರಾಣ ಉಳಿಸಿತು.

ಉಂಡು, ಪ್ರತಿಯಾಗಿ ಏನನ್ನೂ ಕೊಡದೆ ಹೋಗುವವನಿಗೂ ಗ್ರೀಕರಲ್ಲಿ ಒಂದು ಹೆಸರಿತ್ತು. ಪರರ ಪಂಕ್ತಿಯಲ್ಲಿ ಕುಳಿತು ಉಣ್ಣುವವನು 'ಪರಾಸಿತೊಸ್'. ಅವರ ಪ್ರಹಸನಗಳಲ್ಲಿ ಅವನು ನಗೆಗೀಡಾಗುವ ಪಾತ್ರ. ಇಂಗ್ಲಿಷಿನ 'ಪ್ಯಾರಸೈಟ್' ಎಂಬ ಪದ ಅವನ ವಂಶದ್ದು. ನಮ್ಮ ಜನ ಅವನನ್ನು ಬಲ್ಲರು. 'ಉಂಡೂ ಹೋದ, ಕೊಂಡೂ ಹೋದ' ಎಂದು ಅವನ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಮುಗಿಸಿದ್ದಾರೆ.

ಈಗ ನಮ್ಮ ಪದಗಳ ಕಡೆಗೆ ತಿರುಗೋಣ. ಸಂಸ್ಕೃತದಿಂದ ಬಂದ 'ಅತಿಥಿ'ಯನ್ನು ಬರುವ ತಿಥಿ ನಿಶ್ಚಯವಿಲ್ಲದವನು ಎಂದು ಬಿಡಿಸುವುದು ಸಂಪ್ರದಾಯ. ಅಲೆಯುವುದು ಎಂಬ ಅರ್ಥದ ಧಾತುವಿನಿಂದ ಅದನ್ನು ಸಾಧಿಸುವವರೂ ಇದ್ದಾರೆ. 'ಅಭ್ಯಾಗತ' ಎಂದರೆ ಎದುರಿಗೆ ಬಂದವನು. ಹಳಗನ್ನಡದಲ್ಲಿ 'ಬಿರ್ದು', 'ಬಿದ್ದು', 'ಬಿದ್ದಿನ' ಎಂಬ ಅಚ್ಚ ದೇಸಿ ಪದಗಳಿದ್ದವು. ತಮಿಳಿನ 'ವಿರುಂದು' ಅವುಗಳ ಒಡಹುಟ್ಟು. ತಮಿಳಿನಲ್ಲಿ ಅದಕ್ಕೆ ಅತಿಥಿ, ಔತಣ ಎಂಬ ಅರ್ಥಗಳ ಜೊತೆಗೆ ಹೊಸತು ಎಂಬ ಅರ್ಥವೂ ಇದೆ. ಮನೆಗೆ ಬಂದವನು ಹೊಸಬ, ಅವನೊಡನೆ ಬಂದದ್ದು ಹೊಸತನ, ಅದಕ್ಕಾಗಿ ಔತಣ. ನಮ್ಮ ಆಡುಮಾತಿನ 'ನೆಂಟ'ನಂತೂ ನಂಟಿನಿಂದ ಹುಟ್ಟಿದವನು. ತಮಿಳಿನಲ್ಲಿ ಗೆಳೆಯನಿಗೆ ಹೇಳುವ 'ನಣ್ಬನ್' ಆ ಬಳ್ಳಿಯದೇ ಕಾಯಿ. ಮನೆಗೆ ಬಂದವನನ್ನು ನೆಂಟ ಎಂದು ಕರೆದ ಕ್ಷಣವೇ ಕನ್ನಡವು ಅವನಿಗೆ ಸಂಬಂಧವನ್ನು ಹಚ್ಚಿಬಿಟ್ಟಿತು. ಇನ್ನು ಆತಿಥೇಯನ ಮಾತೋ? ಆ ಪದ ಅತಿಥಿಯಿಂದಲೇ ಸಾಧಿತವಾದದ್ದು. ಲ್ಯಾಟಿನ್ನಿನ ಅತಿಥಿಪತಿಯಂತೆ ನಮ್ಮಲ್ಲಿಯೂ ಮನೆಯ ಯಜಮಾನ ತನ್ನ ಹೆಸರನ್ನು ಬಂದವನಿಂದ ಸಾಲ ಪಡೆದಿದ್ದಾನೆ.

ಸಾಲ ಎಂಬ ಮಾತು ಬರಿಯ ಅಲಂಕಾರವಲ್ಲ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತ ಯಮನ ಮನೆಯ ಬಾಗಿಲಲ್ಲಿ ಮೂರು ರಾತ್ರಿ ಉಪವಾಸ ಕಾಯುತ್ತಾನೆ. ಹಿಂದಿರುಗಿದ ಯಮನು ಅತಿಥಿಯನ್ನು ಕಾಯಿಸಿದ ಋಣಕ್ಕೆ ರಾತ್ರಿಗೊಂದರಂತೆ ಮೂರು ವರಗಳನ್ನು ತೆರುತ್ತಾನೆ. ಮೃತ್ಯುದೇವತೆಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾಗಲಿಲ್ಲ. ಹಿಂದಿನ ತಲೆಮಾರಿನ ನಮ್ಮ ನಾಡಿನಲ್ಲಿ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಪದ್ಧತಿಯೂ ಇಂಥ ಒಂದು ಋಣದ ಸರಪಳಿ. ಆ ಬಾಗಿಲುಗಳು ಎಲ್ಲ ಜಾತಿಯವರಿಗೂ ತೆರೆದಿರಲಿಲ್ಲ ಎಂಬುದು ನಿಜ. ಆ ಕೊರತೆಯನ್ನು ತುಂಬಲು ಉಚಿತ ವಿದ್ಯಾರ್ಥಿನಿಲಯಗಳೂ, ತುಮಕೂರಿನ ಸಿದ್ಧಗಂಗೆಯಂಥ ಮಠಗಳ ದಾಸೋಹವೂ ಬೇಕಾದವು. ವಾರಾನ್ನ ಉಂಡವರು ಆ ಋಣವನ್ನು ತೀರಿಸಿದ್ದು ಬಡಿಸಿದ ತಾಯಿಗಲ್ಲ. ತಮ್ಮ ಮನೆಯ ಬಾಗಿಲಿಗೆ ಬಂದ ಇನ್ನೊಬ್ಬ ಹುಡುಗನಿಗೆ.

ಕೊಡುಕೊಳೆಯನ್ನು ಕಳಚಿ ಬರಿಯ 'ಅತಿಥಿ' ಎಂಬ ಪದವನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನದ ಜರ್ಮನಿ ಒಂದು ಪಾಠ. ಯುದ್ಧಾನಂತರದ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಆಳುಗಳು ಸಾಲದೆ ೧೯೫೫ರಲ್ಲಿ ಇಟಲಿಯೊಡನೆ, ೧೯೬೧ರಲ್ಲಿ ತುರ್ಕಿಯೊಡನೆ, ಇನ್ನೂ ಹಲವು ದೇಶಗಳೊಡನೆ ಒಪ್ಪಂದಗಳಾದವು. ಬಂದವರಿಗೆ 'ಗಾಸ್ಟ್‌ಆರ್ಬೈಟರ್' ಎಂಬ ಹೆಸರು ರೂಢಿಗೆ ಬಂತು. ಅತಿಥಿ ಕಾರ್ಮಿಕ ಎಂದರ್ಥ. ೧೯೬೪ರ ಸೆಪ್ಟೆಂಬರಿನಲ್ಲಿ ಹತ್ತು ಲಕ್ಷದ ಅತಿಥಿಯೆಂದು ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗಸ್ ಡಿ ಸಾ ಎಂಬಾತನನ್ನು ಕೊಲೋನಿನ ರೈಲು ನಿಲ್ದಾಣದಲ್ಲಿ ಹೂಗೊಂಚಲು ಕೊಟ್ಟು, ಮೊಪೆಡ್ ಒಂದನ್ನು ಉಡುಗೊರೆಯಿತ್ತು ಸ್ವಾಗತಿಸಿದರು. ಹೂವು ಸುಳ್ಳಲ್ಲ. ಆದರೆ ಆ ಹೆಸರಿನೊಳಗೆ ಒಂದು ಗಡಿಯಾರವೂ ಇತ್ತು: ಅತಿಥಿಯಾದವನು ಹೊರಡಬೇಕು. ೧೯೭೩ರಲ್ಲಿ ನೇಮಕಾತಿಯೇ ನಿಂತಿತು. ಅನೇಕರು ಹೊರಟುಹೋದರು, ಲಕ್ಷಾಂತರ ಮಂದಿ ಸಂಸಾರ ಕರೆಸಿಕೊಂಡು ಉಳಿದರು. ದುಡಿದು, ತೆರಿಗೆ ತೆತ್ತು, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸಿದವರನ್ನು ದಶಕಗಳ ಕಾಲ ಅತಿಥಿಗಳೆಂದೇ ಕರೆಯಲಾಯಿತು. ಪರದೇಶೀಯರಿಗೆ ಅಲ್ಲಿ ಹುಟ್ಟಿದ ಮಕ್ಕಳು ಕೆಲವು ನಿಬಂಧನೆಗಳಿಗೆ ಒಳಪಟ್ಟು ಹುಟ್ಟಿನಿಂದಲೇ ಪ್ರಜೆಗಳಾಗುವ ಕಾನೂನು ಜಾರಿಗೆ ಬಂದದ್ದು ೨೦೦೦ದಲ್ಲಿ.

ನಾವಿರುವ ಅಮೆರಿಕೆಯ ಚರಿತ್ರೆಯಲ್ಲಿಯೂ ಇಂಥ ಅಧ್ಯಾಯವಿದೆ. ಭಾರತದಿಂದ ಬಂದ ಭಗತ್ ಸಿಂಗ್ ಥಿಂಡ್ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿಯ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದರೂ, ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ೧೯೨೩ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಆ ಬಾಗಿಲು ಮತ್ತೆ ತೆರೆದದ್ದು ೧೯೪೬ರ ಕಾನೂನಿನಿಂದ. ಪಂಜಾಬಿನಿಂದ ಬಂದು ಕ್ಯಾಲಿಫೋರ್ನಿಯದಲ್ಲಿ ಬೇಸಾಯ ಮಾಡಿಕೊಂಡಿದ್ದ ದಲೀಪ್ ಸಿಂಗ್ ಸೌಂದ್ ೧೯೪೯ರಲ್ಲಿ ಪ್ರಜೆಯಾದರು. ೧೯೫೬ರಲ್ಲಿ ಕಾಂಗ್ರೆಸ್ಸಿಗೆ ಚುನಾಯಿತರಾದರು. ಇಪ್ಪತ್ತೈದು ವರ್ಷಗಳಿಗಿಂತ ಹೆಚ್ಚು ಕಾಲ ಕಾನೂನು ಅವರನ್ನು ಪರಕೀಯನಾಗಿಯೇ ಇರಿಸಿತ್ತು. ಮನೆಯವನಾಗುವ ಅವಕಾಶ ದೊರೆತೊಡನೆ ಅವರು ಕಾಯುತ್ತ ಕೂರಲಿಲ್ಲ. ನಮ್ಮಲ್ಲಿ ಬಹುಮಂದಿ ಬಂದದ್ದು ೧೯೬೫ರ ವಲಸೆ ಕಾನೂನು ಬಾಗಿಲನ್ನು ಇನ್ನಷ್ಟು ಅಗಲ ಮಾಡಿದ ಮೇಲೆ.

ಇಷ್ಟೆಲ್ಲ ಹೇಳಿದ್ದು ಒಂದು ಪ್ರಶ್ನೆಯ ಕಡೆಗೆ ಬರುವುದಕ್ಕಾಗಿ. ನಮ್ಮ ಕೂಟಗಳಲ್ಲಿ ಹಿರಿಯರು ಆಗಾಗ ಆಡುವ ಮಾತೊಂದಿದೆ: 'ನಾವು ಈ ದೇಶದ ಅತಿಥಿಗಳು, ನಮ್ಮ ಮಿತಿಯಲ್ಲಿ ನಾವಿರೋಣ.' ಮಾತಿನಲ್ಲಿ ವಿನಯವಿದೆ, ಸಂಸ್ಕಾರವಿದೆ. ಆದರೆ ಮೂವತ್ತು ನಲವತ್ತು ವರ್ಷ ಒಂದೇ ಊರಿನಲ್ಲಿ ಮನೆಮಾಡಿ, ಸಾಲ ತೀರಿಸಿ, ಪೌರತ್ವದ ಪ್ರಮಾಣವಚನ ಸ್ವೀಕರಿಸಿದ ಮೇಲೂ ಅದೇ ಮಾತನ್ನಾಡಿದರೆ ವಿನಯದ ಮರೆಯಲ್ಲಿ ಒಂದು ಅನುಕೂಲವೂ ಅಡಗಿದೆಯೆಂದು ಶಂಕಿಸಬೇಕಾಗುತ್ತದೆ. ಅತಿಥಿಯಾದವನು ಉಂಡ ಎಲೆ ಎತ್ತಬೇಕಾಗಿಲ್ಲ. ಮಾಡು ಸೋರಿದರೆ ಅದು ಅವನ ಚಿಂತೆಯಲ್ಲ. ಊರಿನ ಶಾಲಾ ಮಂಡಲಿಯ ಸಭೆ, ಗ್ರಂಥಾಲಯದ ಆಯವ್ಯಯ, ಪಕ್ಕದ ಬೀದಿಯ ಮುದುಕಿಯ ಒಂಟಿತನ ಇವು ಯಾವುವೂ ಅವನನ್ನು ತಟ್ಟಬೇಕಾಗಿಲ್ಲ. ಹಸಿರು ಚೀಟಿಗಾಗಿ ವರ್ಷಗಟ್ಟಲೆ ಕಾಯುತ್ತಿರುವ ನಮ್ಮ ಕಿರಿಯರನ್ನು ಕಾನೂನೇ ಹೊಸ್ತಿಲ ಮೇಲೆ ನಿಲ್ಲಿಸಿದೆ. ಈ ಮಾತು ಅವರಿಗಲ್ಲ. ಒಳಗೆ ಬಂದು ಕುಳಿತವರಿಗೆ.

ಇದರ ಬೆಲೆಯನ್ನು ತೆರುವವರು ನಮ್ಮ ಮಕ್ಕಳು. ಇಲ್ಲಿಯೇ ಹುಟ್ಟಿದ ಮಗುವನ್ನು ಶಾಲೆಯಲ್ಲಿ 'ನಿಜವಾಗಿ ನೀನು ಎಲ್ಲಿಯವನು' ಎಂದು ಕೇಳುತ್ತಾರೆ. ಮನೆಗೆ ಬಂದರೆ 'ಇದು ನಮ್ಮ ದೇಶವಲ್ಲಪ್ಪ' ಎಂದು ನಾವೇ ಹೇಳುತ್ತೇವೆ. ಬೇಸಿಗೆಯ ರಜೆಯಲ್ಲಿ ಮೈಸೂರಿಗೋ ಧಾರವಾಡಕ್ಕೋ ಹೋದರೆ ಅಲ್ಲಿ ಅದಕ್ಕೆ ಕುದಿಸಿ ಆರಿಸಿದ ಬೇರೆ ನೀರು, ಖಾರವಿಲ್ಲದ ಬೇರೆ ಸಾರು. ಅಜ್ಜಿಯ ಮನೆಯಲ್ಲಿಯೂ ಅದು ನೆಂಟ. ಎರಡು ಮನೆಗಳಲ್ಲಿಯೂ ಅತಿಥಿ, ಯಾವ ಮನೆಯಲ್ಲಿಯೂ ಆತಿಥೇಯನಲ್ಲ! ಬರಿಯ ಅತಿಥಿಯಾಗಿ ಉಳಿಯುವುದು ಗೌರವವಲ್ಲ, ಒಂದು ಬಗೆಯ ದಾರಿದ್ರ್ಯ. ಕೊಡುವುದಕ್ಕೆ ತನ್ನದೆಂಬುದು ಏನೂ ಇಲ್ಲದವನ ದಾರಿದ್ರ್ಯ.

ಬಂದವನು ಮನೆಯವನಾಗುವುದು ಹೇಗೆ ಎಂಬುದಕ್ಕೆ ಕನ್ನಡಿಗರಾದ ನಾವು ದೂರ ಹುಡುಕಬೇಕಾಗಿಲ್ಲ. ೧೮೫೩ರಲ್ಲಿ ಜರ್ಮನಿಯಿಂದ ಇಪ್ಪತ್ತೊಂದು ವರ್ಷದ ತರುಣನೊಬ್ಬ ನಮ್ಮ ನಾಡಿಗೆ ಬಂದಿಳಿದ. ಬಂದ ಉದ್ದೇಶ ಬಾಸೆಲ್ ಮಿಷನ್ನಿನ ಮತಪ್ರಚಾರ. ಆದರೆ ಅವನು ಕನ್ನಡದ ಉಪ್ಪುಂಡ. ಆ ಉಪ್ಪಿನ ಋಣಕ್ಕೆ ೧೮೭೫ರಲ್ಲಿ ನಾಗವರ್ಮನ ಛಂದೋಂಬುಧಿಯನ್ನು ಪರಿಷ್ಕರಿಸಿ ಮುದ್ರಿಸಿದ, ೧೮೯೪ರಲ್ಲಿ ಮಂಗಳೂರಿನಿಂದ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತ. ರೆವರೆಂಡ್ ಫರ್ಡಿನಾಂಡ್ ಕಿಟೆಲ್ ೧೯೦೩ರಲ್ಲಿ ತೀರಿಕೊಂಡದ್ದು ಜರ್ಮನಿಯ ಟ್ಯೂಬಿಂಗೆನ್ನಿನಲ್ಲಿ. ಆದರೂ ಕನ್ನಡದ ಪದಗಳ ಮನೆಯಲ್ಲಿ ಅವರು ಆತಿಥೇಯರು. ಇಂದಿಗೂ ಹಳಗನ್ನಡದ ಪದವೊಂದರ ಅರ್ಥ ಬೇಕಾದ ಕನ್ನಡಿಗ ಅವರ ಬಾಗಿಲಿಗೆ ಹೋಗುತ್ತಾನೆ, ಅವರು ಬಡಿಸುತ್ತಾರೆ. ತಮ್ಮ ಭಾಷೆಯನ್ನು ಮರೆತು ಅವರು ಹೀಗಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಮನೆಯವನಾಗುವುದೆಂದರೆ ತಂದದ್ದನ್ನು ಬಿಸಾಡುವುದಲ್ಲ, ತಂದದ್ದನ್ನು ಪಂಕ್ತಿಯಲ್ಲಿ ಇಡುವುದು.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಮಾತುಗಳು ಬೇಡ. ದೀಪಾವಳಿಯ ದಿನ ನಮ್ಮ ಮನೆಗಳಲ್ಲಿ ಕನ್ನಡಿಗರಿಗೆ ಕನ್ನಡಿಗರೇ ಅತಿಥಿಗಳು. ಅದರ ಜೊತೆಗೆ ಬೀದಿಯ ಆಚೆ ಬದಿಯ ಒಂದು ಮನೆಗೂ ಕರೆ ಹೋಗಲಿ. ನಮ್ಮ ಕನ್ನಡ ಶಾಲೆ ನಡೆಯುವ ಊರಿನ ಗ್ರಂಥಾಲಯಕ್ಕೆ ನಾವು ಕೊಠಡಿ ಕೇಳಲು ಮಾತ್ರ ಹೋಗದೆ, ವಾರಕ್ಕೊಂದು ಗಂಟೆ ಸೇವೆ ಕೊಡಲೂ ಹೋಗೋಣ. ಮತದಾನದ ದಿನ ಮತಗಟ್ಟೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ. ನಿನ್ನೆ ಮೊನ್ನೆ ವಿಮಾನದಿಂದಿಳಿದ ವಿದ್ಯಾರ್ಥಿ, ಕನ್ನಡಿಗನಾಗಲಿ, ಸೋಮಾಲಿಯದವನಾಗಲಿ, ಅವನಿಗೆ ಮೊದಲ ಚಳಿಗಾಲದ ಕೋಟು ನಮ್ಮ ಮನೆಯಿಂದ ಸಿಗಲಿ. ಊರಿಗೆ ಹೋದಾಗ ಮಕ್ಕಳ ಕೈಯಲ್ಲಿ ಅಜ್ಜಿಯ ಅಡುಗೆಮನೆಯ ಸೌಟನ್ನು ಕೊಟ್ಟು ಬಡಿಸಲು ಹಚ್ಚೋಣ. ಬಡಿಸಿದ ಮನೆ ತನ್ನದಾಗುತ್ತದೆ.

ಈ ಸಮ್ಮೇಳನವೇ ಅದಕ್ಕೊಂದು ಅಭ್ಯಾಸ ಎನ್ನಬಹುದು. ಎರಡು ವರ್ಷಕ್ಕೊಮ್ಮೆ ಒಂದೊಂದು ಊರಿನ ಕನ್ನಡ ಕೂಟ ಸೌಟು ಹಿಡಿಯುತ್ತದೆ. ಕಳೆದ ಸಲ ಎಲೆಯ ಮುಂದೆ ಕುಳಿತಿದ್ದವರು ಈ ಸಲ ಬೆಳಗಿನ ಐದು ಗಂಟೆಗೆ ಎದ್ದು ಉಪ್ಪಿಟ್ಟಿನ ಪಾತ್ರೆಗಳನ್ನು ಎಣಿಸುತ್ತಿದ್ದಾರೆ. ಕಳೆದ ಸಲ ಎಣಿಸಿದವರು ಈ ಸಲ ನಿಶ್ಚಿಂತೆಯಾಗಿ ಕಾಫಿ ಸಾಲದೆಂದು ಗೊಣಗುತ್ತಿದ್ದಾರೆ. ಗೊಣಗಲಿ, ಅದು ಅವರ ಹಕ್ಕು. ಎರಡು ವರ್ಷಗಳ ನಂತರ ಲೆಕ್ಕ ಸರಿಹೋಗುತ್ತದೆ.